ದೊರೆಯ ಓಪನರ್‌ಗಳು, ಬಾವನ ರಜೆ

ದೋಹಾದಲ್ಲಿ ಡಿಸೆಂಬರಿನಿಂದ ಮಾರ್ಚ್ ತನಕ ಏಸಿ ಬೇಡ. ಏಪ್ರಿಲಿನ ಒಂದು ಮಧ್ಯಾಹ್ನ ಇನ್ನು ತಡೆಯಲಾಗದು ಎಂದು ಹಾಕಿದಾಗ ಮೊದಲ ಕೆಲವು ನಿಮಿಷ ಒಂದು ವಾಸನೆ ಬರುತ್ತದೆ. ಚಳಿಗಾಲವಿಡೀ ಒಳಗೆ ಕೂತಿದ್ದ ಮರಳು ಧೂಳು ಒದ್ದೆಯಾದ ವಾಸನೆ. ಹೆಂಡತಿ ಮೂಗು ಮುಚ್ಚಿಕೊಂಡು ಕಿಟಕಿ ತೆರೆಯುತ್ತಾಳೆ, ಸರ್ವಿಸ್ ಮಾಡಿಸಿ ಎಂದು ಮಾರ್ಚಿನಲ್ಲೇ ಹೇಳಿರಲಿಲ್ಲವಾ ಎಂದು ಬೈಯುತ್ತಾಳೆ. ಈ ಸಲವೂ ಬೈದಳು. ನಾನು ಅಲ್ ಅಜೀಜಿಯಾದ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ರಿಮೋಟ್ ಹಿಡಿದುಕೊಂಡು ನಿಂತೇ ಇದ್ದೆ. ಏನಾಯಿತು ಎಂದು ಕೇಳಿದಳು. ಏನೂ ಇಲ್ಲ ಎಂದೆ. ಬಾವನ ನೆನಪಾಯಿತು ಎಂದಿದ್ದರೆ ಅವಳೂ ಕೆಲಸ ಬಿಟ್ಟು ಕೂತುಬಿಡುತ್ತಿದ್ದಳು.

ಬಾವ ಎಂದರೆ ಸಂಬಂಧದಲ್ಲಿ ಏನೂ ಅಲ್ಲ. ನಮ್ಮ ತುಳುನಾಡಿನ ಗಂಡಸರು ಹೊರದೇಶದಲ್ಲಿ ಎದುರುಬದುರಾದರೆ ಎರಡನೆಯ ಮಾತಿಗೇ ಬಾವ ಆಗಿಬಿಡುತ್ತೇವೆ. ಅವರು ಪಡುಬಿದ್ರಿ ಕಡೆಯವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಬಿನ್ ಒಮ್ರಾನಿನ ಒಂದು ಹಳೆಯ ಕಟ್ಟಡದಲ್ಲಿ ನಮ್ಮ ಆಫೀಸು. ದೊಡ್ಡ ದೊಡ್ಡ ಕಟ್ಟಡಗಳಿಗೆ ಏಸಿಯ ಗಾಳಿ ಹಾಯುವ ತಗಡಿನ ಡಕ್ಟ್ ಕೂಡಿಸುವ ಕಂಪನಿ. ಊರಿಗೆಲ್ಲ ತಂಪು ಹಂಚುವವರ ಆಫೀಸಿನ ಏಸಿ ಮಾತ್ರ ಏಪ್ರಿಲ್ ಬಂದರೆ ಹೀಗೇ ನಾರುತ್ತಿತ್ತು. ನಾನು ಪರ್ಚೇಸಿನಲ್ಲಿದ್ದೆ. ಬಾವನ ಮೇಜು ಮ್ಯಾನೇಜರನ ಕ್ಯಾಬಿನ್ ಬಾಗಿಲಿನ ಪಕ್ಕದಲ್ಲಿ. ಯಾವ ಕಾಗದ ಒಳಗೆ ಹೋಗಬೇಕಾದರೂ ಅವರ ಕೈಯಿಂದಲೇ ಹೋಗಬೇಕು.

ಮ್ಯಾನೇಜರ್ ಇಂಗ್ಲೆಂಡಿನವನು. ನಾವು ನಮ್ಮೊಳಗೆ ಅವನನ್ನು ದೊರೆ ಎನ್ನುತ್ತಿದ್ದೆವು. ಎತ್ತರದ, ಕೆಂಪು ಮುಖದ, ಕಡಿಮೆ ಮಾತಿನ ಮನುಷ್ಯ. ಬೆಳಿಗ್ಗೆ ಬಂದವನು ಗುಡ್ ಮಾರ್ನಿಂಗ್ ಅನ್ನುತ್ತಾನೋ ಗಂಟಲು ಸರಿಮಾಡಿಕೊಳ್ಳುತ್ತಾನೋ ಗೊತ್ತಾಗುತ್ತಿರಲಿಲ್ಲ. ಅವನ ಮುಖ ಓದಿ ಮನಸ್ಸು ತಿಳಿಯುವವರು ಇಡೀ ಆಫೀಸಿನಲ್ಲಿ ಯಾರೂ ಇರಲಿಲ್ಲ. ಅವನಿಗೆ ಇದ್ದದ್ದು ಒಂದೇ ಹುಚ್ಚು ಎಂದು ನಾವು ತಿಳಿದುಕೊಂಡಿದ್ದೆವು. ಅವನ ಊರಿನ ಕೌಂಟಿಯ ಕ್ರಿಕೆಟ್ ಟೀಮು. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಬೇಸಿಗೆಯಿಡೀ ಒಂದು ಜಿಲ್ಲೆಯವರು ಇನ್ನೊಂದು ಜಿಲ್ಲೆಯವರ ಮೇಲೆ ನಾಲ್ಕು ನಾಲ್ಕು ದಿನದ ಮ್ಯಾಚ್ ಆಡುತ್ತಾರೆ. ಅವನ ಮೇಜಿನ ಮೇಲೆ ಆ ಟೀಮಿನ ಗುರುತಿದ್ದ ಒಂದು ಟೀ ಮಗ್ಗು ಇರುತ್ತಿತ್ತು. ಕೌಂಟಿಯ ಹೆಸರು ನಮ್ಮ ನಾಲಗೆಗೆ ಸರಿಯಾಗಿ ಬರುತ್ತಿರಲಿಲ್ಲ. ನಾವು ದೊರೆಯ ಟೀಮ್ ಎನ್ನುತ್ತಿದ್ದೆವು, ಅಷ್ಟೇ.

ಬಾವ ಹೇಗೆ ಇದರೊಳಗೆ ಸಿಕ್ಕಿಕೊಂಡರು ಎಂದು ಹೇಳಬೇಕು. ನಾನು ಕೆಲಸಕ್ಕೆ ಸೇರುವ ಮೊದಲೇ ನಡೆದದ್ದಂತೆ. ಒಂದು ಬೆಳಿಗ್ಗೆ ದೊರೆ ಕ್ಯಾಬಿನ್ನಿನಿಂದ ಹೊರಗೆ ಬಂದು, ಯಾವತ್ತೂ ಇಲ್ಲದವನು, ನಗುತ್ತಾ ಬಾವನನ್ನು ಒಳಗೆ ಕರೆದು ಕಂಪ್ಯೂಟರ್ ತೋರಿಸಿದನಂತೆ. ಅವನ ಟೀಮಿನ ಓಪನರ್‌ಗಳಿಬ್ಬರೂ ಇಡೀ ದಿನ ಔಟಾಗದೆ ಆಡಿದ್ದರು. ಬಾವ ಅದೇ ಹೊತ್ತಿಗೆ ಯಾರದೋ ರಜೆ ಅರ್ಜಿ ಮುಂದಿಟ್ಟರು. ದೊರೆ ಓದದೆ ಸಹಿ ಹಾಕಿದ. ಅದಾಗಿ ಕೆಲವು ದಿನಗಳಿಗೆ ಓಪನರ್‌ಗಳು ಬಂದ ಹಾಗೇ ಹೋದರು. ಆವತ್ತು ಇಟ್ಟ ಅರ್ಜಿ ‘ಈಗ ಆಗುವುದಿಲ್ಲ’ ಎಂದು ಹೊರಗೆ ಬಂತು. ಮತ್ತೆ ಒಂದೆರಡು ಸಲ ಹೀಗೇ ಆಯಿತು. ಬಾವನಿಗೆ ಬೀಗದ ಕೈ ಸಿಕ್ಕಿತು.

ಅಂದಿನಿಂದ ಅದೇ ನಮ್ಮ ಆಫೀಸಿನ ಪಂಚಾಂಗ. ಬಾವ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಚಾ ಕುಡಿಯುವ ಮೊದಲು, ಇಂಟರ್‌ನೆಟ್ಟಿನಲ್ಲಿ ಹಿಂದಿನ ದಿನದ ಸ್ಕೋರ್ ನೋಡುತ್ತಿದ್ದರು. ಉಳಿದ ಒಂಬತ್ತು ಜನ ಏನು ಮಾಡಿದರು, ಟೀಮ್ ಗೆದ್ದಿತೋ ಸೋತಿತೋ, ಅದೆಲ್ಲ ಬೇಡ. ಓಪನರ್ಸ್ ಮಾತ್ರ. ಅವರು ನಿಂತಿದ್ದರೆ ಕಾಗದಗಳನ್ನು ಒಳಗೆ ಕಳಿಸುವುದು, ಇಲ್ಲದಿದ್ದರೆ ಡ್ರಾಯರಿನಲ್ಲಿಡುವುದು. ಈಜಿಪ್ಟಿನ ಫೋರ್‌ಮನ್, ಮಲಯಾಳಿ ಸ್ಟೋರ್‌ಕೀಪರ್, ಎಲ್ಲರೂ ಬಂದು ಬಾವನ ಮೇಜಿನ ಮುಂದೆ ನಿಂತು ಮೆಲ್ಲಗೆ ಕೇಳುವುದು ಒಂದೇ ಪ್ರಶ್ನೆ. ಓಪನಿಂಗ್ ಹೇಗುಂಟು? ಬಾವ ತಲೆ ಎತ್ತದೆ ‘ಇವತ್ತು ಮಾಫಿ’ ಎನ್ನುತ್ತಿದ್ದರು. ಇಲ್ಲ ಎಂದು ಅರ್ಥ. ಅವರು ಮರು ಮಾತಾಡದೆ ವಾಪಸ್ಸು ಹೋಗುತ್ತಿದ್ದರು. ಹೊರಗಿನವರು ಯಾರಾದರೂ ನೋಡಿದ್ದರೆ ಇವರಿಗೆಲ್ಲ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ನಾನೂ ನಂಬಿದ್ದೆ. ಮಗಳು ಹುಟ್ಟಿದಾಗ ನನ್ನ ಅರ್ಜಿಯನ್ನು ಬಾವ ಹೀಗೇ ತಡೆದು ಹಿಡಿದಿದ್ದರು. ನಾನು ಕೂತಲ್ಲಿ ಕೂರಲಾರದೆ ಚಡಪಡಿಸುತ್ತಿದ್ದೆ. ‘ಸ್ವಲ್ಪ ತಡಿ ಮಾರಾಯ, ಉದ್ದ ಕ್ರೀಸಿನಲ್ಲಿದ್ದಾನೆ’ ಎಂದರು. ಓಪನರ್‌ಗಳಿಗೆ ಅವರು ಇಟ್ಟ ಹೆಸರು ಉದ್ದ ಮತ್ತು ಗಿಡ್ಡ. ಉದ್ದ ಐವತ್ತು ದಾಟಿದ ಮರುದಿನ ಅರ್ಜಿ ಒಳಗೆ ಹೋಯಿತು, ಸಹಿಯಾಗಿ ಹೊರಗೆ ಬಂತು. ಊರಿಗೆ ಹೋಗಿ ಮಗುವನ್ನು ಎತ್ತಿಕೊಂಡಾಗ ನಾನು ಮನಸ್ಸಿನಲ್ಲೇ ಆ ಉದ್ದನಿಗೆ ಒಂದು ನಮಸ್ಕಾರ ಹಾಕಿದ್ದೆ. ಈಗ ನೆನೆದರೆ ನಗು ಬರಬೇಕು...

ಬಾವನಿಗೆ ಗೊತ್ತಿದ್ದದ್ದು ನಮ್ಮೂರಿನ ಅಂಡರ್‌ಆರ್ಮ್ ಕ್ರಿಕೆಟ್ ಮಾತ್ರ. ಗದ್ದೆಯಲ್ಲಿ, ಶಾಲೆಯ ಅಂಗಳದಲ್ಲಿ, ಕೈ ಕೆಳಗಿನಿಂದ ಬಾಲು ಎಸೆದು ಆಡುವ ಆಟ. ಅದನ್ನೇ ನಾವು ಇಲ್ಲಿಯೂ ಶುಕ್ರವಾರಗಳಲ್ಲಿ, ಬಿನ್ ಒಮ್ರಾನಿನ ಖಾಲಿ ಜಾಗವೊಂದರಲ್ಲಿ ಆಡುತ್ತಿದ್ದೆವು. ಬಾವ ನಮ್ಮ ಓಪನರ್. ಹೊಟ್ಟೆ ಬಂದಿತ್ತು, ಓಡಲಾಗುತ್ತಿರಲಿಲ್ಲ, ಆದರೂ ಬ್ಯಾಟ್ ಬಿಟ್ಟುಕೊಡುತ್ತಿರಲಿಲ್ಲ. ನಮ್ಮ ಆಟದಲ್ಲಿ ಎಲ್‌ಬಿಡಬ್ಲ್ಯೂ ಇಲ್ಲ. ಅದಕ್ಕೇ ಕೌಂಟಿಯ ಸ್ಕೋರಿನಲ್ಲಿ ಆ ಮೂರಕ್ಷರ ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ‘ಕಾಲಿಗೆ ತಾಗಿದ್ರೆ ಔಟಾ? ಇದು ಎಂತ ಆಟ ಮಾರಾಯ’ ಎಂದು ಕಂಪ್ಯೂಟರಿಗೇ ಬೈಯುತ್ತಿದ್ದರು.

ಬಾವನಿಗೆ ಆಟ ಕಲಿಸಿದ್ದು ಅವರ ಅಕ್ಕ. ಇದನ್ನು ಅವರೇ ಎಷ್ಟೋ ಸಲ ಹೇಳಿದ್ದಾರೆ. ತಾಯಿ ಬೇಗ ಹೋದವರು. ಅಕ್ಕ ಇವರನ್ನು ಸೊಂಟದಲ್ಲಿ ಕೂರಿಸಿಕೊಂಡೇ ಬೆಳೆಸಿದವಳು. ತಮ್ಮ ಒಬ್ಬನೇ ಅಂಗಳದಲ್ಲಿ ಕೂತು ಮುಖ ಸಣ್ಣ ಮಾಡುತ್ತಾನೆ ಎಂದು ತೆಂಗಿನ ಮಡಲಿನ ಬುಡ ಕೆತ್ತಿ ಬ್ಯಾಟ್ ಮಾಡಿಕೊಟ್ಟು, ಸೀರೆ ಎತ್ತಿಕಟ್ಟಿ ತಾನೇ ಬಾಲು ಎಸೆಯುತ್ತಿದ್ದಳಂತೆ. ‘ಅಕ್ಕನ ಬಾಲಿಗೆ ನಾನು ಬೋಲ್ಡ್ ಆದ ಹಾಗೆ ಮತ್ತೆ ಯಾರಿಗೂ ಆಗ್ಲಿಲ್ಲ’ ಎನ್ನುತ್ತಿದ್ದರು. ಬಾವ ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಅವರಿಗೆ ಮನೆ ಎಂದರೆ ಅಕ್ಕನ ಮನೆ, ಅಕ್ಕನ ಮಕ್ಕಳು.

ಎರಡು ಸಾವಿರದ ಆರನೇ ಇಸವಿ. ಆ ವರ್ಷ ಏಷ್ಯನ್ ಗೇಮ್ಸ್ ದೋಹಾದಲ್ಲಿ ನಡೆಯಲಿಕ್ಕಿತ್ತು. ಡಿಸೆಂಬರಿಗೆ ಗೇಮ್ಸ್, ಅದರೊಳಗೆ ಊರೆಲ್ಲ ಮುಗಿಯಬೇಕು. ಎಲ್ಲಿ ನೋಡಿದರೂ ಕ್ರೇನು, ಎಲ್ಲಿ ನೋಡಿದರೂ ಅಗೆದ ರಸ್ತೆ. ನಮ್ಮ ಕಂಪನಿಗೆ ಉಸಿರಾಡಲು ಪುರಸೊತ್ತಿರಲಿಲ್ಲ. ಏಪ್ರಿಲಿನಲ್ಲೇ ಸರ್ಕ್ಯುಲರ್ ಬಂತು. ಗೇಮ್ಸ್ ಮುಗಿಯುವ ತನಕ ಯಾರಿಗೂ ರಜೆ ಇಲ್ಲ, ತುರ್ತು ಇದ್ದರೆ ಮ್ಯಾನೇಜರ್ ತೀರ್ಮಾನ ಮಾಡುತ್ತಾನೆ ಎಂದು. ಪಾಸ್‌ಪೋರ್ಟುಗಳು ಆಫೀಸಿನ ಕಪಾಟಿನಲ್ಲಿ. ದೊರೆ ಸಹಿ ಹಾಕದೆ ಎಕ್ಸಿಟ್ ಪರ್ಮಿಟ್ ಆಗುವುದಿಲ್ಲ, ಎಕ್ಸಿಟ್ ಪರ್ಮಿಟ್ ಇಲ್ಲದೆ ಏರ್‌ಪೋರ್ಟ್ ದಾಟುವುದಿಲ್ಲ. ಮೇ ತಿಂಗಳಲ್ಲಿ ಇಬ್ಬರು ತುರ್ತು ಎಂದು ಹೋಗಿ ಕೇಳಿದರು. ಫೋರ್‌ಮನ್ ಮತ್ತು ಸ್ಟೋರ್‌ಕೀಪರ್. ಇಬ್ಬರಿಗೂ ದೊರೆ ಇಲ್ಲ ಎಂದ. ಎರಡನೆಯ ಸಲ ಕೇಳಲು ಹೋದ ಫೋರ್‌ಮನ್ನನಿಗೆ, ಒಂದು ಸಲ ಹೇಳಿದ್ದು ಕೇಳಿಸಲಿಲ್ಲವಾ ಎಂದು ರೇಗಿದ. ಅದು ಗಾಜಿನ ಬಾಗಿಲಿನಿಂದ ನಮಗೆಲ್ಲ ಕೇಳಿಸಿತು.

ಆ ವಾರವೇ ಬಾವನಿಗೆ ಊರಿನಿಂದ ಫೋನ್ ಬಂದದ್ದು. ಅಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ. ತೆರೆದು ನೋಡಿದ ಡಾಕ್ಟರು ಹಾಗೇ ಹೊಲಿದು ಮನೆಗೆ ಕಳಿಸಿದ್ದರು. ಮಳೆಗಾಲ ದಾಟುವುದು ಕಷ್ಟ ಎಂದು ಹೇಳಿದ್ದರಂತೆ. ಬಾವ ಇದನ್ನು ನನಗೆ ಹೇಳಿದ್ದು ಆಫೀಸಿನ ಮೆಟ್ಟಿಲಿನಲ್ಲಿ, ನೆಲ ನೋಡಿಕೊಂಡು. ‘ಅವಳಿಗೆ ಪ್ರಜ್ಞೆ ಇರುವಾಗ ಒಂದು ಸಲ ಮುಖ ತೋರಿಸ್ಬೇಕು ಮಾರಾಯ. ಅಷ್ಟು ಸಾಕು’ ಎಂದರು. ನಾನು ಈಗಲೇ ಒಳಗೆ ಹೋಗಿ ಕೇಳಿ ಎಂದೆ. ಅವರು ತಲೆಯಾಡಿಸಿ, ಸ್ಕೋರ್ ನೋಡಿ ಹೇಳುತ್ತೇನೆ ಎಂದು ಹೊರಟರು. ನನಗೆ ಅದು ವಿಚಿತ್ರ ಎಂದು ಕೂಡ ಅನಿಸಲಿಲ್ಲ.

ಓಪನರ್‌ಗಳು ಆಡುತ್ತಿರಲಿಲ್ಲ. ಆ ಸೀಸನ್ನಿನಲ್ಲಿ ಅವರಿಗೆ ಏನಾಗಿತ್ತೋ. ಉದ್ದ ಆಫ್ ಸ್ಟಂಪಿನ ಹೊರಗಿನ ಬಾಲಿಗೆ ಕೈ ಚಾಚಿ ಕೀಪರಿಗೆ ಕ್ಯಾಚ್ ಕೊಡುವುದು. ಗಿಡ್ಡ ಎಲ್‌ಬಿಡಬ್ಲ್ಯೂ. ಗಿಡ್ಡ ಸ್ವಲ್ಪ ನಿಂತ ದಿನ ಉದ್ದ ಸೊನ್ನೆ. ಉದ್ದ ನಿಂತ ದಿನ ಅವನ ಜತೆ ನಿಲ್ಲಲು ಗಿಡ್ಡನೇ ಇಲ್ಲ. ಒಂದು ವಾರ ಗಿಡ್ಡನನ್ನು ತೆಗೆದು ಬೇರೆ ಯಾರನ್ನೋ ಹಾಕಿದರು. ಅವನು ಇವರಿಬ್ಬರಿಗಿಂತಲೂ ಮೊದಲು ಔಟಾದ. ಮತ್ತೆ ಗಿಡ್ಡನನ್ನೇ ತಂದರು. ಬಾವ ಪ್ರತಿ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತು ಆ ಹೆಸರುಗಳನ್ನೇ ನೋಡುತ್ತಿದ್ದರು. ಈಗ ಬೈಯುತ್ತಿರಲಿಲ್ಲ. ನೋಡಿ ಸ್ಕೋರಿನ ಪೇಜು ಮುಚ್ಚಿ, ಡ್ರಾಯರ್ ಒಮ್ಮೆ ತೆರೆದು ತಮ್ಮ ಅರ್ಜಿ ಅಲ್ಲೇ ಇದೆಯಾ ಎಂದು ನೋಡಿ ಮುಚ್ಚುತ್ತಿದ್ದರು.

ನಾನು ಜಗಳ ಕಾಯದೆ ಇರಲಿಲ್ಲ. ಜೂನ್ ಮುಗಿಯುತ್ತಾ ಬಂದಾಗ ನನಗೆ ರೇಗಿಹೋಯಿತು. ‘ಅಕ್ಕನಿಗಿಂತ ಆ ಬಿಳಿಯರ ಕ್ರಿಕೆಟ್ ದೊಡ್ಡದಾ ಬಾವ? ಯಲ್ಲಾ, ಏಳಿ, ಈಗಲೇ ಹೋಗಿ ಕೇಳಿ’ ಎಂದೆ. ಅವರು ಅಂದರು: ‘ನಂಗೆ ಒಂದೇ ಸಲ ಕೇಳ್ಲಿಕ್ಕೆ ಉಂಟು. ಅವನ ಬಾಯಿಂದ ಒಮ್ಮೆ ಇಲ್ಲ ಅಂತ ಬಂದ್ರೆ ಖಲಾಸ್, ಮತ್ತೆ ದೇವರು ಬಂದ್ರೂ ಆಗ್ಲಿಕ್ಕಿಲ್ಲ. ನೀನು ನೋಡ್ಲಿಲ್ಲವಾ ಫೋರ್‌ಮನ್ನನ್ನು?’ ನೋಡಿದ್ದೆ. ಇದ್ದದ್ದು ಒಂದೇ ಅವಕಾಶ, ಅದನ್ನು ಕೆಟ್ಟ ದಿನದಲ್ಲಿ ಕಳೆದುಕೊಳ್ಳಬಾರದು ಎಂದು ಆ ಮನುಷ್ಯ ಕಾಯುತ್ತಿದ್ದರು. ಕೇಳಿದರೆ ಸರಿಯೆಂದೇ ಅನಿಸುವ ಮಾತು.

ಒಂದು ಶುಕ್ರವಾರ ಆಟ ಮುಗಿಸಿ ನಾವಿಬ್ಬರೂ ಅವರ ರೂಮಿಗೆ ಹೋಗಿದ್ದೆವು. ಬಾವ ಊರಿಗೆ ಫೋನ್ ಹಚ್ಚಿದರು. ಅಕ್ಕನೇ ಮಾತಾಡಿದಳು. ದನಿ ನನಗೆ ಕೇಳಿಸುತ್ತಿರಲಿಲ್ಲ, ಬಾವನ ಮಾತು ಮಾತ್ರ. ‘ಕೇಳಿದ್ದೇನೆ ಅಕ್ಕ... ಹ್ಞೂಂ, ನಿನ್ನೆಯೂ ಕೇಳಿದೆ... ಬಿಡ್ತಾ ಇಲ್ಲ ಅವನು. ನಾಳೆ ಮತ್ತೆ ಕೇಳ್ತೇನೆ.’ ನಾನು ಮುಖ ನೋಡಿದೆ. ಫೋನ್ ಇಟ್ಟ ಮೇಲೆ ಅವರು ಟವೆಲ್ ತೆಗೆದುಕೊಂಡು ಮುಖ ಒರೆಸಿದರು. ಇನ್ನೂ ಕೇಳಿಲ್ಲ ಅಂತ ಹೇಳಿದರೆ ಅವಳಿಗೆ ಹೇಗೆ ಅರ್ಥವಾಗುತ್ತದೆ ಹೇಳು ಎಂದರು. ಅದೂ ನಿಜವೇ. ಇಂಗ್ಲೆಂಡಿನಲ್ಲಿ ಇಬ್ಬರು ರನ್ ಹೊಡೆಯಲಿ ಎಂದು ಕಾಯುತ್ತಿದ್ದೇನೆ ಎಂದು ಸಾಯುತ್ತಿರುವವಳಿಗೆ ಯಾವ ಬಾಯಲ್ಲಿ ಹೇಳುವುದು?

ಜುಲೈಯಲ್ಲಿ ಒಂದು ದಿನ ಬಂತು. ನಾನು ಒಳಗೆ ಕಾಲಿಡುವಾಗಲೇ ಬಾವ ಎದ್ದು ನಿಂತಿದ್ದರು. ಉದ್ದ, ಗಿಡ್ಡ ಇಬ್ಬರೂ ಔಟಾಗದೆ ಹಿಂದಿನ ದಿನದ ಆಟ ಮುಗಿದಿತ್ತು. ಬಾವನ ಮುಖದಲ್ಲಿ ಎಷ್ಟೋ ವಾರಗಳ ಮೇಲೆ ರಕ್ತ ಕಂಡಿತು. ಅರ್ಜಿಯನ್ನು ಡ್ರಾಯರಿನಿಂದ ತೆಗೆದು, ಮೂಲೆ ಮಡಚಿದ್ದನ್ನು ಅಂಗೈಯಿಂದ ಉಜ್ಜಿ ಸರಿಮಾಡಿ, ಶರ್ಟಿನ ಗುಂಡಿ ಮೇಲಿನ ತನಕ ಹಾಕಿಕೊಂಡರು. ಕ್ಯಾಬಿನ್ನಿನ ಬಾಗಿಲಿಗೆ ಕೈ ಹಾಕುವಾಗ ಒಳಗೆ ಫೋನ್ ಬಂತು. ಸೈಟಿನಲ್ಲಿ ಎತ್ತುತ್ತಿದ್ದ ಡಕ್ಟಿನ ದೊಡ್ಡ ತುಂಡು ಜಾರಿ ಕೆಳಗೆ ಬಿದ್ದಿತ್ತಂತೆ. ಯಾರಿಗೂ ಏನೂ ಆಗಲಿಲ್ಲ, ಆದರೆ ದೊರೆಯ ಕೂಗು ಮಹಡಿಯಿಡೀ ಕೇಳಿಸಿತು. ಬಾವ ಹಿಡಿಕೆಯಿಂದ ಕೈ ತೆಗೆದರು. ನಾನು ಹೋಗಿ ಹೋಗಿ ಎಂದು ಕೈಸನ್ನೆ ಮಾಡಿದೆ. ಅವರು ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಮಾರನೆಯ ಬೆಳಿಗ್ಗೆ ನೋಡಿದರೆ ಉದ್ದನೂ ಔಟು, ಗಿಡ್ಡನೂ ಔಟು.

ಆಮೇಲೆ ಹೆಚ್ಚು ದಿನ ಕಾಯಬೇಕಾಗಲಿಲ್ಲ. ಒಂದು ಬೆಳಿಗ್ಗೆ, ಇನ್ನೂ ಚಾ ಬಂದಿರಲಿಲ್ಲ, ಊರಿನಿಂದ ಅಕ್ಕನ ಮಗನ ಫೋನ್. ಬಾವ ಹ್ಞೂಂ, ಹ್ಞೂಂ ಎಂದರು. ಫೋನ್ ಕೆಳಗಿಟ್ಟು, ಮೇಜಿನ ಮೇಲಿದ್ದ ಫೈಲುಗಳನ್ನು ಒಂದರ ಮೇಲೊಂದು ಜೋಡಿಸಿದರು. ಪೆನ್ನನ್ನು ಮುಚ್ಚಳ ಹಾಕಿ ಜೇಬಿನಲ್ಲಿಟ್ಟರು. ನಾನು ಹತ್ತಿರ ಹೋದಾಗ, ಹೋದಳಂತೆ ಎಂದರು. ನನಗೆ ಅಳು ಬರಲಿಲ್ಲ. ಅವರಿಗೂ ಬಂದ ಹಾಗೆ ಕಾಣಲಿಲ್ಲ. ಕೈ ಮೇಲೆ ತುಂಬ ಹೊತ್ತು ತಲೆಯಿಟ್ಟು ಮಲಗಿದರೆ ಅದು ನಮ್ಮ ಕೈಯೇ ಅಲ್ಲ ಅನಿಸುತ್ತದಲ್ಲ, ಇಡೀ ಮೈ ಹಾಗೆ ಆಗಿತ್ತು.

ನಾನೇ ಅವರ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದೆ. ಅರ್ಜಿಯನ್ನೂ ನಾನೇ ಮುಂದಿಟ್ಟೆ. ದೊರೆ ಓದಿದ. ಅಕ್ಕನಿಗೆ ಏನಾಗಿತ್ತು, ಯಾವಾಗಿನಿಂದ ಎಂದು ಕೇಳಿದ. ಮೇ ತಿಂಗಳಿನಿಂದ ಎಂದೆ. ಅವನು ತಲೆ ಎತ್ತಿದ. ಮೇ ತಿಂಗಳಿನಿಂದ? ನನಗೆ ಯಾಕೆ ಹೇಳಲಿಲ್ಲ? ಬಾವ ಅವನ ಮೇಜಿನ ಅಂಚು ನೋಡುತ್ತಾ ನಿಂತಿದ್ದರು. ನನಗೆ ಎಲ್ಲಿತ್ತೋ ಸಿಟ್ಟು, ಬಾಯಿಗೆ ಬಂದೇಬಿಟ್ಟಿತು. ‘ನಿಮ್ಮ ಓಪನರ್ಸ್ ಆಡ್ತಾ ಇರಲಿಲ್ಲ ಸರ್’ ಎಂದೆ.

ಅವನಿಗೆ ಅರ್ಥವಾಗಲಿಲ್ಲ. ನಾನು ಹೇಳಿದೆ, ನನಗೆ ಬರುವ ಇಂಗ್ಲಿಷಿನಲ್ಲಿ, ಮೊದಲಿನಿಂದ ಕೊನೆಯ ತನಕ. ಬೆಳಿಗ್ಗೆ ಸ್ಕೋರ್ ನೋಡುವುದು, ಕಾಗದ ತಡೆದಿಡುವುದು, ಎಲ್ಲ. ಹೇಳುತ್ತಾ ಹೋದ ಹಾಗೆ ನನಗೇ ನಾಚಿಕೆಯಾಗತೊಡಗಿತು. ದೊರೆ ಮಗ್ಗನ್ನು ಒಮ್ಮೆ ನೋಡಿದ, ಬಾವನನ್ನು ನೋಡಿದ. ಅವನ ಕೆಂಪು ಮುಖ ಇನ್ನೂ ಕೆಂಪಾಯಿತು. ಆಮೇಲೆ ಮೆಲ್ಲಗೆ ಹೇಳಿದ: ‘ನಾನು ಚಿಕ್ಕವನಿದ್ದಾಗಿನಿಂದ ಆ ಟೀಮ್ ಸೋಲುತ್ತಲೇ ಇದೆ. ನನ್ನ ಅಪ್ಪನ ಕಾಲದಲ್ಲೂ ಸೋಲುತ್ತಿತ್ತು. ಅದಕ್ಕೆ ಯಾರಾದರೂ ಬೇಜಾರು ಮಾಡಿಕೊಳ್ಳುತ್ತಾರಾ? ಕೇಳಿದ್ದರೆ ಕೊಡುತ್ತಿದ್ದೆ.’ ಸಹಿ ಹಾಕಿದ. ತಾನೇ ಎದ್ದು ಕಪಾಟು ತೆರೆದು ಪಾಸ್‌ಪೋರ್ಟ್ ತೆಗೆದುಕೊಟ್ಟ. ಬಾವ ಥ್ಯಾಂಕ್ಯೂ ಸರ್ ಎಂದರು. ಯಾವಾಗಲೂ ಹೇಳುವ ಹಾಗೆ, ಅದೇ ದನಿಯಲ್ಲಿ.

ಸಾಯಂಕಾಲದ ವಿಮಾನಕ್ಕೆ ಬಿಟ್ಟುಬಂದೆ. ಏರ್‌ಪೋರ್ಟಿನ ಬಾಗಿಲಿನಲ್ಲಿ ಬ್ಯಾಗ್ ಕೈಗೆ ಕೊಟ್ಟಾಗ ಬಾವ, ‘ನೋಡಿದೆಯಾ, ಒಂದು ನಿಮಿಷದಲ್ಲಿ ಹಾಕಿದ’ ಎಂದರು. ಯಾರೋ ಬೇರೆಯವರ ಸುದ್ದಿ ಹೇಳಿದ ಹಾಗಿತ್ತು. ತಮ್ಮ ದೋಹಾದಿಂದ ಬರುವ ತನಕ ಮಳೆಗಾಲದಲ್ಲಿ ಹೆಣ ಇಟ್ಟುಕೊಳ್ಳುವ ಹಾಗಿಲ್ಲ ಎಂದು ಊರಿನಲ್ಲಿ ಸುಟ್ಟಾಗಿತ್ತು. ಅದು ಅವರಿಗೆ ಗೊತ್ತಾದದ್ದು ಮಂಗಳೂರಿನಲ್ಲಿ ಇಳಿದ ಮೇಲೆ.

ಅವರಿಲ್ಲದ ದಿನಗಳಲ್ಲಿ ನಾನು ಕೂತು ಯೋಚಿಸಿದೆ. ಇಲ್ಲ ಎನಿಸಿಕೊಂಡವರು ಯಾರು? ಫೋರ್‌ಮನ್. ಅವನು ಹೋದರೆ ಸೈಟ್ ನಿಲ್ಲುತ್ತದೆ. ಸ್ಟೋರ್‌ಕೀಪರ್. ಅವನು ರಜೆ ಮುಗಿಸಿ ಬಂದೇ ಹೆಚ್ಚು ದಿನವಾಗಿರಲಿಲ್ಲ. ಮಗಳು ಹುಟ್ಟಿದಾಗ ನನಗೆ ಯಾಕೆ ಸಿಕ್ಕಿತು? ನನ್ನ ಕೆಲಸ ನೋಡಿಕೊಳ್ಳಲು ಆಗ ಇನ್ನೊಬ್ಬನಿದ್ದ. ಇಷ್ಟೇ. ಇದನ್ನು ತಿಳಿಯಲು ಕ್ರಿಕೆಟ್ ಬೇಕಿರಲಿಲ್ಲ. ಹದಿನೈದು ಇಪ್ಪತ್ತು ಜನ, ಲೆಕ್ಕ ಗೊತ್ತಿದ್ದವರು, ಓದು ಬರಹ ಬಲ್ಲವರು, ಅದೆಷ್ಟು ವರ್ಷ ಹಾಗೆ ನಡೆದುಕೊಂಡೆವು! ಮೇಲಿನವನ ಮನಸ್ಸು ತಿಳಿಯುವ ದಾರಿ ಏನಾದರೂ ಇರಲೇಬೇಕು, ಅದು ನಮ್ಮಲ್ಲಿ ಯಾರಾದರೂ ಒಬ್ಬರಿಗೆ ಗೊತ್ತಿರಲೇಬೇಕು ಎಂದು ನಾವೆಲ್ಲ ನಂಬಿದ್ದೆವು. ನೇರವಾಗಿ ಬಾಗಿಲು ತಟ್ಟಿ ಕೇಳುವುದು ನಮಗೆ ಬರುತ್ತಲೇ ಇರಲಿಲ್ಲ. ಇಲ್ಲಿಗೆ ಬರುವಾಗ ನಾವು ಅದನ್ನು ಎಲ್ಲಿ ಬಿಟ್ಟು ಬಂದೆವೋ, ಊರಿನಲ್ಲಿದ್ದಾಗಲೂ ಇತ್ತೋ ಇಲ್ಲವೋ...

ಅಕ್ಕನ ಬೊಜ್ಜ, ಉತ್ತರಕ್ರಿಯೆ, ಮುಗಿಸಿ ಬಾವ ವಾಪಸ್ಸು ಬಂದರು. ತಲೆ ಬೋಳಿಸಿಕೊಂಡಿದ್ದರು. ಅದೇ ಕುರ್ಚಿ, ಅದೇ ಫೈಲು. ಬೆಳಿಗ್ಗೆ ಬಂದವರು ಕಂಪ್ಯೂಟರ್ ಹಾಕಿ ಈಮೇಲ್ ನೋಡಿ ಕೆಲಸಕ್ಕೆ ತೊಡಗುತ್ತಿದ್ದರು. ಯಾರಾದರೂ ಅಭ್ಯಾಸಬಲದಿಂದ ಓಪನಿಂಗ್ ಹೇಗುಂಟು ಎಂದರೆ, ಗೊತ್ತಿಲ್ಲ ಎನ್ನುತ್ತಿದ್ದರು. ಆಗಸ್ಟಿನಲ್ಲಿ ಉದ್ದ, ಗಿಡ್ಡ ಇಬ್ಬರೂ ಆಡತೊಡಗಿದರು. ಇಬ್ಬರೂ ಸೆಂಚುರಿ ಹೊಡೆದ ಮರುದಿನ ಸ್ಟೋರ್‌ಕೀಪರ್ ತಾನೇ ಸ್ಕೋರ್ ನೋಡಿ, ತಾನೇ ಅರ್ಜಿ ಹಿಡಿದು ಒಳಗೆ ನುಗ್ಗಿದ. ಇಲ್ಲ ಎನಿಸಿಕೊಂಡು ಹೊರಗೆ ಬಂದ. ಯಾರೂ ನಗಲಿಲ್ಲ. ಬಾವ ಅವನಿಗೊಂದು ಲೋಟ ನೀರು ಕೊಟ್ಟರು.

ಶುಕ್ರವಾರದ ಆಟಕ್ಕೂ ಬರುತ್ತಿದ್ದರು. ಬ್ಯಾಟಿಂಗಿಗೆ ಮಾತ್ರ ಇಳಿಯಲಿಲ್ಲ. ಬೌಂಡರಿಯ ಹತ್ತಿರ ಯಾರದೋ ಕಾರಿನ ನೆರಳಿನಲ್ಲಿ ಕೂತು ನೋಡುತ್ತಿದ್ದರು. ಒಂದು ಸಲ ನಾನು ಪಕ್ಕದಲ್ಲಿ ಕೂತಾಗ, ‘ಅವಳು ಕೊನೇ ತನಕ ಕೇಳ್ತಾ ಇದ್ಳಂತೆ. ಅವನು ಬಿಟ್ನಾ, ಅವನು ಬಿಟ್ನಾ ಅಂತ’ ಎಂದರು. ಆಮೇಲೆ, ಚೆನ್ನಾಗಿ ಹೊಡೆದ ನೋಡು ಎಂದು ಕೈ ತೋರಿಸಿದರು. ನಾನು ನೋಡಿದೆ. ಚಪ್ಪಾಳೆ ತಟ್ಟಿದೆ.

ಅದಾಗಿ ಎರಡು ಮೂರು ವರ್ಷಕ್ಕೆ ಕೆಲಸ ಕಡಿಮೆಯಾಗಿ ಕಂಪನಿ ಜನರನ್ನು ಊರಿಗೆ ಕಳಿಸತೊಡಗಿತು. ದೊರೆಯೂ ಹೋದ, ಬಾವನೂ ಹೋದರು. ಊರಿನಲ್ಲಿ ಅಕ್ಕನ ಮನೆಯಲ್ಲೇ ಇದ್ದರು. ಮೊದಮೊದಲು ಹಬ್ಬಕ್ಕೆ ಫೋನ್ ಮಾಡುತ್ತಿದ್ದೆವು. ಆಮೇಲೆ ಅದೂ ತಪ್ಪಿತು. ಹೃದಯಾಘಾತವಾಗಿ ತೀರಿಕೊಂಡರು ಎಂದು ನಮ್ಮ ಕ್ರಿಕೆಟ್ಟಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹಾಕಿದ್ದರು. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ನಾನೂ ಒಂದು ಹಾಕಿದೆ. ಹಾಕಿ ಕಾರು ತೊಳೆಯಲು ಕೆಳಗೆ ಇಳಿದೆ. ಅಷ್ಟು ದೊಡ್ಡ ನಷ್ಟ ಒಂದು ಹೆಬ್ಬೆರಳಿನ ಕೆಲಸದಲ್ಲಿ ಮುಗಿದುಹೋಯಿತಲ್ಲ ಎಂದು ದುಃಖವಾದದ್ದು ಎಷ್ಟೋ ವಾರಗಳ ಮೇಲೆ.

ಈ ಸಲ ಏಸಿ ಹಾಕಿದ ವಾರದಲ್ಲೇ ಅಲ್ ರಯ್ಯಾನಿನಲ್ಲಿ ನಮ್ಮ ಕಡೆಯವರೊಬ್ಬರ ಮಗುವಿನ ಬರ್ತ್‌ಡೇ ಇತ್ತು. ಅಲ್ಲಿ ಒಬ್ಬಳು ಹುಡುಗಿ ಬಂದು ನನ್ನ ಹೆಂಡತಿಯನ್ನು ಮಾತಾಡಿಸಿದಳು. ಮದುವೆಯಾಗಿ ಈಚೆಗಷ್ಟೇ ಗಂಡನ ಜತೆ ದೋಹಾಕ್ಕೆ ಬಂದವಳು. ಊರು ಯಾವುದು, ಯಾರ ಮಗಳು ಎಂದು ಕೇಳುತ್ತಾ ಹೋದರೆ ಬಾವನ ಅಕ್ಕನ ಕೊನೆಯ ಮಗಳು. ತಾಯಿ ಹೋದಾಗ ಶಾಲೆಗೆ ಹೋಗುತ್ತಿದ್ದಳಂತೆ. ನಾನು ಅವಳ ಮಾಮನ ಆಫೀಸಿನಲ್ಲೇ ಇದ್ದವನು ಎಂದು ತಿಳಿದಾಗ ಅವಳ ಮುಖ ಬದಲಾಯಿತು. ಕೇಕಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ನನ್ನ ಎದುರಿನ ಕುರ್ಚಿಯಲ್ಲಿ ಕೂತಳು.

‘ಅಮ್ಮ ಸಾಯುವವರೆಗೂ ಆ ಬಿಳಿಯನಿಗೆ ಶಾಪ ಹಾಕ್ತಾ ಇದ್ರು ಅಂಕಲ್. ನನ್ನ ತಮ್ಮ ಅವನ ಕಾಲು ಹಿಡಿದು ಕೇಳ್ತಾ ಇದ್ದಾನೆ, ಆದ್ರೂ ಬಿಡ್ತಾ ಇಲ್ಲ ಅಂತ. ನಮ್ಮ ಮನೆಯಲ್ಲಿ ಈಗಲೂ ಅದೇ ಮಾತು’ ಎಂದಳು. ‘ಅಷ್ಟು ಕಲ್ಲು ಮನಸ್ಸಿನವನಾ ಅವನು?’

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಮಕ್ಕಳು ಬಲೂನು ಒಡೆಯುತ್ತಿದ್ದರು. ಹೌದಮ್ಮ, ತುಂಬ ಗಟ್ಟಿ ಮನುಷ್ಯ ಎಂದೆ.

‘ಮಾಮ ತುಂಬ ಸಲ ಕೇಳಿದ್ರಾ?’

‘ದಿನಾ ಕೇಳ್ತಾ ಇದ್ರು’ ಎಂದೆ.